ಬೆಳೆಯಲ್ಲಿ ಉಳಿಯುವ ಔಷಧಾಂಶವೂ ಅದನ್ನು ಅಳೆಯುವ ಪರಮಾಣು ಸಾಧನವೂ

ಕಳೆದ ಸುಗ್ಗಿಯಲ್ಲಿ ನನ್ನ ವ್ಯಾಪ್ತಿಗೆ ಸೇರಿದ ಒಂದು ಗ್ರಾಮದ ಜಮೀನುದಾರರೊಬ್ಬರು ಕಛೇರಿಗೆ ಬಂದು, ವಸ್ತ್ರದಲ್ಲಿ ಗಂಟುಕಟ್ಟಿ ತಂದಿದ್ದ ಎರಡು ಹಿಡಿ ಒಣಮೆಣಸಿನಕಾಯಿಯನ್ನು ನನ್ನ ಮೇಜಿನ ಮೇಲೆ ಸುರಿದರು. ಹೊರದೇಶಕ್ಕೆ ಸರಕು ಕಳುಹಿಸುವ ವರ್ತಕರು ಅವರ ಮಾಲನ್ನು ಕೊಳ್ಳಲು ಮೊದಲು ಒಪ್ಪಿ, ಆಮೇಲೆ ಪರೀಕ್ಷೆಯಲ್ಲಿ ಔಷಧಾಂಶವು ಮಿತಿಮೀರಿ ಕಂಡಿತೆಂದು ಚೀಟಿ ಬರೆದು ಚೀಲಗಳನ್ನು ಹಿಂದಿರುಗಿಸಿದ್ದರು. "ಬಣ್ಣ ನೋಡಿರಿ ಸಾಹೇಬರೇ, ಸುಕ್ಕು ನೋಡಿರಿ, ಬೇಕಾದರೆ ಮೂಸಿರಿ. ಇದರಲ್ಲಿ ವಿಷ ಎಲ್ಲಿದೆ? ನಮ್ಮ ಮನೆಯಲ್ಲಿ ಇದನ್ನೇ ಕುಟ್ಟಿ ಉಣ್ಣುತ್ತಿದ್ದೇವೆ. ಬೆಲೆ ಇಳಿಸುವುದಕ್ಕೆ ಹೂಡಿದ ಆಟ ಇದು" ಎಂದು ಅವರು ನೊಂದು ನುಡಿದರು. ನಾನು ನೋಡಿದೆನು, ಮೂಸಿದೆನು. ಕಾಯಿ ಲಕ್ಷಣವಾಗಿಯೇ ಇತ್ತು. ಆದರೆ ಅವರ ಅನುಮಾನಕ್ಕೆ ಕಣ್ಣು ಮೂಗುಗಳಿಂದ ಸಮಾಧಾನ ಹೇಳುವಂತಿರಲಿಲ್ಲ. ವರ್ತಕರಲ್ಲಿ ಮೋಸಗಾರರು ಇಲ್ಲವೆಂದು ನಾನು ಹೇಳಲಾರೆ; ಆದರೆ ಯಂತ್ರವು ಕಂಡದ್ದನ್ನು ಮನುಷ್ಯನು ಕಾಣಲಾರನೆಂಬುದು ನಿಜವು. ಆ ದಿನ ಅವರಿಗೆ ಬಾಯಿಮಾತಿನಲ್ಲಿ ಹೇಳಿದ್ದನ್ನೇ ಗ್ರಾಮದ ಮುಖಂಡರೂ ಜಮೀನುದಾರರೂ ಆದ ಇತರರ ತಿಳಿವಳಿಕೆಗಾಗಿ ಸ್ವಲ್ಪ ವಿಸ್ತಾರವಾಗಿ ಇಲ್ಲಿ ಬರೆದಿರುತ್ತೇನೆ.

ಮೊದಲು ಅಳತೆಯ ವಿಚಾರ. ನಾವು ಸೇರು, ಕಿಲೋ, ಕ್ವಿಂಟಾಲುಗಳಲ್ಲಿ ವ್ಯವಹರಿಸುವವರು. ಔಷಧಾಂಶದ ಲೆಕ್ಕವಾದರೋ ಹತ್ತು ಲಕ್ಷದಲ್ಲಿ ಒಂದು ಪಾಲು, ನೂರು ಕೋಟಿಯಲ್ಲಿ ಒಂದು ಪಾಲು ಎಂಬ ರೀತಿಯದು. ಯೂರೋಪಿನ ದೇಶಗಳು ತಮ್ಮಲ್ಲಿಗೆ ಬರುವ ಆಹಾರ ಪದಾರ್ಥಗಳಲ್ಲಿ, ಪ್ರತ್ಯೇಕವಾಗಿ ಮಿತಿ ಗೊತ್ತುಮಾಡದಿರುವ ಔಷಧಗಳಿಗೆಲ್ಲ, ಕಿಲೋ ಒಂದಕ್ಕೆ 0.01 ಮಿಲಿಗ್ರಾಂ ಎಂಬ ಸಾಮಾನ್ಯ ಮಿತಿಯನ್ನು ಇಟ್ಟುಕೊಂಡಿವೆ. ಎಂದರೆ ಹತ್ತು ಕೋಟಿಯಲ್ಲಿ ಒಂದು ಪಾಲು. ಹತ್ತು ಟನ್ ಮೆಣಸಿನಕಾಯಿ ಹೇರಿದ ಒಂದು ಲಾರಿಯನ್ನು ಮನಸ್ಸಿಗೆ ತಂದುಕೊಳ್ಳಿರಿ. ಆ ಲಾರಿಯ ಸರಕಿನಲ್ಲೆಲ್ಲ ಸೇರಿ ಒಂದು ಗ್ರಾಂನ ಹತ್ತನೆಯ ಒಂದು ಪಾಲು, ಅಂದರೆ ಒಂದು ಚಿಟಿಕೆ ಉಪ್ಪಿಗಿಂತ ಕಡಮೆ, ಔಷಧವಿದ್ದರೆ ಅದು ಮಿತಿಯನ್ನು ಮುಟ್ಟಿತು. ಇಷ್ಟು ಅಲ್ಪವಾದುದನ್ನು ಯಾವ ನಾಲಗೆಯೂ ಹೇಳಲಾರದು. ಹಳೆಯ ರಸಾಯನಶಾಸ್ತ್ರದ ಗಾಜಿನ ನಳಿಗೆಗಳಿಂದಲೂ ಇದು ಸುಲಭಸಾಧ್ಯವಾಗಿರಲಿಲ್ಲ. ಇದನ್ನು ಮೊದಲು ಸಾಧ್ಯವಾಗಿಸಿದ್ದು ಪರಮಾಣುವಿನ ಒಳಗಿನಿಂದ ಹೊರಡುವ ಕಿರಣಗಳನ್ನು ಬಳಸುವ, ಅಂಗೈಯಲ್ಲಿ ಹಿಡಿಯಬಹುದಾದ ಒಂದು ಪುಟ್ಟ ಸಾಧನವು. ಇದರ ಹೆಸರು ಎಲೆಕ್ಟ್ರಾನ್ ಕ್ಯಾಪ್ಚರ್ ಡಿಟೆಕ್ಟರ್. ಎಲೆಕ್ಟ್ರಾನುಗಳನ್ನು ಹಿಡಿಯುವ ಪದಾರ್ಥಗಳನ್ನು ಪತ್ತೆಮಾಡುವ ಸಾಧನವೆಂದು ಅರ್ಥ.

ಈ ಸಾಧನವು ಹೊಲಗದ್ದೆಗಳ ಸಲುವಾಗಿ ಹುಟ್ಟಿದುದಲ್ಲ. ಇದನ್ನು ಕಂಡುಹಿಡಿದವರು ಇಂಗ್ಲೆಂಡಿನ ಜೇಮ್ಸ್ ಲವ್‌ಲಾಕ್ ಎಂಬ ವಿಜ್ಞಾನಿ. 1919ರಲ್ಲಿ ಜನಿಸಿದ ಇವರು 2022ರಲ್ಲಿ ತಮ್ಮ 103ನೆಯ ಹುಟ್ಟುಹಬ್ಬದ ದಿವಸವೇ ತೀರಿಕೊಂಡರು. 1940ರ ದಶಕದಲ್ಲಿ ಲಂಡನ್ನಿನ ವೈದ್ಯಕೀಯ ಸಂಶೋಧನ ಸಂಸ್ಥೆಯ ಉದ್ಯೋಗದಲ್ಲಿದ್ದಾಗ, ನೆಗಡಿ ಶೀತಗಳ ವಿಚಾರವಾಗಿ ನಡೆಯುತ್ತಿದ್ದ ಸಂಶೋಧನೆಗಾಗಿ, ಕೊಠಡಿಯೊಳಗೆ ಮೆಲ್ಲನೆ ಸುಳಿಯುವ ಗಾಳಿಯ ವೇಗವನ್ನು ಅಳೆಯಬೇಕಾಗಿ ಬಂದಿತು. ಆಗ ವಿಮಾನದ ಯಂತ್ರಗಳ ಮುಖಗಳಿಗೆ ಕತ್ತಲೆಯಲ್ಲಿ ಹೊಳೆಯಲೆಂದು ಬಳಿಯುತ್ತಿದ್ದ ರೇಡಿಯಂ ಬಣ್ಣದಿಂದ ವಿಕಿರಣವನ್ನು ಪಡೆದು, ಅದರ ಸಹಾಯದಿಂದ ಗಾಳಿಯ ಅಳತೆಗೋಲೊಂದನ್ನು ಕಟ್ಟಿದರು. ಅದು ಗಾಳಿಯನ್ನು ಅಳೆಯಿತಾದರೂ ಒಂದು ದೋಷವಿತ್ತು: ಯಾರಾದರೂ ಹೊಗೆಬತ್ತಿ ಸೇದಿದರೆ ಲೆಕ್ಕವೆಲ್ಲ ತಪ್ಪುತ್ತಿತ್ತು, ಕ್ಲೋರಿನ್ ಜಾತಿಯ ಕೆಲವು ಅನಿಲಗಳು ಸುಳಿದರೂ ಹಾಗೆಯೇ. ಇತರರಾಗಿದ್ದರೆ ಆ ದೋಷವನ್ನು ಶಪಿಸಿ ಸಾಧನವನ್ನು ಮೂಲೆಗೆ ಒತ್ತಿಬಿಡುತ್ತಿದ್ದರು. ಲವ್‌ಲಾಕರಾದರೋ ಅದನ್ನು ನೆನಪಿನಲ್ಲಿಟ್ಟುಕೊಂಡರು.

ಅದೇ ಸಂಸ್ಥೆಯಲ್ಲಿ ಆರ್ಚರ್ ಮಾರ್ಟಿನ್ ಎಂಬವರೂ ಅವರ ಸಹೋದ್ಯೋಗಿ ಜೇಮ್ಸ್ ಎಂಬವರೂ 1952ರಲ್ಲಿ ಗ್ಯಾಸ್ ಕ್ರೊಮಾಟೋಗ್ರಾಫ್ ಎಂಬ ಬೇರ್ಪಡಿಸುವ ಯಂತ್ರದ ವಿಧಾನವನ್ನು ಪ್ರಕಟಿಸಿದ್ದರು. ಮಾರ್ಟಿನ್‌ರವರಿಗೆ, ಇದಕ್ಕೆ ಹಿಂದೆ ಇದೇ ಮಾರ್ಗದಲ್ಲಿ ಮಾಡಿದ್ದ ಕೆಲಸಕ್ಕಾಗಿ, ಆ ವರ್ಷವೇ ನೊಬೆಲ್ ಬಹುಮಾನವೂ ಬಂದಿತ್ತು. ಲವ್‌ಲಾಕರು ಪ್ರಾಣಿಗಳ ಜೀವಕಣಗಳನ್ನು ಹೆಪ್ಪುಗಟ್ಟಿಸುವ ವಿಷಯದಲ್ಲಿ ಸಂಶೋಧನೆ ಮಾಡುತ್ತ, ಅವುಗಳಲ್ಲಿರುವ ಕೊಬ್ಬಿನ ಅಂಶಗಳನ್ನು ಬೇರ್ಪಡಿಸಿ ನೋಡಬೇಕೆಂದು ಇವರ ಬಳಿಗೆ ಹೋದರು. ಅವರು ತಂದ ಪದಾರ್ಥವು ಯಂತ್ರಕ್ಕೆ ಸಾಲದಷ್ಟು ಅಲ್ಪವಾಗಿತ್ತು. ಹೆಚ್ಚು ಪದಾರ್ಥವನ್ನಾದರೂ ತರಬೇಕು, ಇಲ್ಲವೆ ಇನ್ನೂ ಸೂಕ್ಷ್ಮವಾದ ಪತ್ತೆಯ ಸಾಧನವನ್ನಾದರೂ ಮಾಡಬೇಕು ಎಂಬ ಸ್ಥಿತಿ ಒದಗಿತು. ಆಗ ಹಳೆಯ ಗಾಳಿಯ ಅಳತೆಗೋಲು ನೆನಪಿಗೆ ಬಂದು, 1957ರಲ್ಲಿ ಈ ಸಾಧನವು ರೂಪುಗೊಂಡಿತು. ಮೊದಲ ದೋಷವೇ ಇಲ್ಲಿ ಗುಣವಾಯಿತು.

ಈಗ ಯಂತ್ರದ ಕೆಲಸವನ್ನು ನೋಡೋಣ. ಇದರಲ್ಲಿ ಎರಡು ಭಾಗಗಳುಂಟು. ಮೊದಲನೆಯದು ಬೇರ್ಪಡಿಸುವ ನಳಿಗೆ. ಮೆಣಸಿನಕಾಯಿಯನ್ನು ನುಣ್ಣಗೆ ಅರೆದು, ದ್ರಾವಕವೊಂದರಲ್ಲಿ ಕದಡಿ, ಔಷಧಾಂಶವನ್ನು ದ್ರಾವಕಕ್ಕೆ ಇಳಿಸಿ, ಬಣ್ಣ ಜಿಡ್ಡುಗಳನ್ನು ಆದಷ್ಟು ತೆಗೆದುಹಾಕಿದ ಮೇಲೆ ಉಳಿದ ರಸದಲ್ಲಿ ಒಂದು ಹನಿಗಿಂತಲೂ ಕಡಮೆಯಾದುದನ್ನು ಸೂಜಿಯಿಂದ ಈ ನಳಿಗೆಯ ಬಾಯಿಗೆ ಚುಚ್ಚುತ್ತಾರೆ. ಅಲ್ಲಿನ ಶಾಖಕ್ಕೆ ಅದು ಆವಿಯಾಗಿ, ಎಡೆಬಿಡದೆ ಹರಿಯುವ ಒಂದು ಅನಿಲದೊಡನೆ ಮುಂದೆ ಸಾಗುತ್ತದೆ. ನಳಿಗೆಯ ಒಳಮೈಗೆ ಜಿಗುಟಾದ ಒಂದು ಲೇಪನವಿರುವುದು. ಜಾತ್ರೆಗೆಂದು ಹತ್ತು ಬಂಡಿಗಳು ಒಂದೇ ಗಳಿಗೆಯಲ್ಲಿ ಊರು ಬಿಟ್ಟರೂ, ಎರೆಮಣ್ಣಿನ ಕೆಸರು ದಾರಿಯಲ್ಲಿ ಒಂದರ ಗಾಲಿ ಹೆಚ್ಚು ಹೂತು, ಒಂದರದು ಕಡಮೆ ಹೂತು, ಜಾತ್ರೆಯ ಬಯಲನ್ನು ಬೇರೆ ಬೇರೆ ಹೊತ್ತಿಗೆ ಸೇರುವುದಷ್ಟೆ? ಹಾಗೆಯೇ ಒಂದೊಂದು ಪದಾರ್ಥವೂ ಆ ಲೇಪನಕ್ಕೆ ತನ್ನ ಗುಣದಂತೆ ಅಂಟಿ ಬಿಟ್ಟು, ತನ್ನ ತನ್ನ ಹೊತ್ತಿಗೆ ಕೊನೆಯಲ್ಲಿ ಹೊರಬೀಳುತ್ತದೆ. ಇಂತಹ ಔಷಧವು ಇಷ್ಟನೆಯ ನಿಮಿಷಕ್ಕೆ ಬರುವುದೆಂದು ಶುದ್ಧವಾದ ಔಷಧವನ್ನೇ ಚುಚ್ಚಿ ಮೊದಲೇ ಗೊತ್ತುಮಾಡಿಕೊಂಡಿರುತ್ತಾರೆ.

ನಳಿಗೆಯ ಕೊನೆಯಲ್ಲಿ ಕಾದು ಕುಳಿತಿರುವುದೇ ನಮ್ಮ ಪರಮಾಣು ಸಾಧನವು. ಬೆರಳಿನಷ್ಟು ಗಾತ್ರದ ಲೋಹದ ಕೋಣೆ. ಅದರೊಳಗೆ ನಿಕೆಲ್ ಎಂಬ ಲೋಹದ ಒಂದು ವಿಶೇಷ ಜಾತಿಯಾದ ನಿಕೆಲ್ 63ನ್ನು ಲೇಪಿಸಿದ ತೆಳುವಾದ ಹಾಳೆ. ಈ ಜಾತಿಯ ಪರಮಾಣುವಿನ ಬೀಜಕೇಂದ್ರವು ಸ್ಥಿರವಾದುದಲ್ಲ. ಒಂದೊಂದಾಗಿ ಬಿರಿದು, ವೇಗವಾಗಿ ಓಡುವ ಎಲೆಕ್ಟ್ರಾನುಗಳನ್ನು ಹೊರಕ್ಕೆ ಎಸೆಯುತ್ತದೆ. ಇವಕ್ಕೆ ಬೀಟಾ ಕಿರಣಗಳೆಂದು ಹೆಸರು. ಇವು ಕೋಣೆಯಲ್ಲಿ ತುಂಬಿರುವ ಅನಿಲದ ಅಣುಗಳನ್ನು ತಾಕಿ ಅವುಗಳಿಂದಲೂ ಎಲೆಕ್ಟ್ರಾನುಗಳನ್ನು ಕೀಳುತ್ತವೆ. ಹಾಗೆ ಕಿತ್ತುಬಂದ, ನಿಧಾನವಾಗಿ ಅಲೆಯುವ ಎಲೆಕ್ಟ್ರಾನುಗಳೆಲ್ಲವೂ ಒಂದು ತುದಿಯಲ್ಲಿರುವ ವಿದ್ಯುತ್ತಿನ ಕಡ್ಡಿಯ ಕಡೆಗೆ ಹರಿದು, ಕೋಣೆಯಲ್ಲಿ ಸಣ್ಣದಾದ ಆದರೆ ಏರಿಳಿಯದ ಒಂದು ವಿದ್ಯುತ್ಪ್ರವಾಹವು ಸದಾ ನಡೆಯುತ್ತಿರುತ್ತದೆ.

ಕೆರೆಯ ಅಚ್ಚುಕಟ್ಟಿನಲ್ಲಿ ಜಮೀನಿರುವವರಿಗೆ ಮುಂದಿನದು ಸುಲಭವಾಗಿ ತಿಳಿಯುವುದು. ತೂಬನ್ನು ಗೊತ್ತಾದ ಅಳತೆಗೆ ಎತ್ತಿ, ನೀರುಗಂಟಿಯು ಕಾಲುವೆಯ ಕೊನೆಯಲ್ಲಿ ಕುಳಿತಿದ್ದಾನೆಂದು ಭಾವಿಸಿರಿ. ನೀರು ಒಂದೇ ಸಮನಾಗಿ ಬರುತ್ತಿರುವವರೆಗೆ ಅವನಿಗೆ ಯೋಚನೆಯಿಲ್ಲ. ನಡುವೆ ಯಾರೋ ಬದುವನ್ನು ಕಡಿದು ತಮ್ಮ ಗದ್ದೆಗೆ ನೀರು ತಿರುಗಿಸಿಕೊಂಡರೆ, ಅವನು ಕಳ್ಳನ ಮುಖವನ್ನು ಕಾಣದಿದ್ದರೂ, ನೀರು ಇಳಿದುದರಿಂದಲೇ ಕಳವನ್ನು ತಿಳಿಯುತ್ತಾನೆ. ಎಷ್ಟು ಇಳಿಯಿತೆಂಬುದರಿಂದ ಎಷ್ಟು ಕಳವಾಯಿತೆಂಬುದನ್ನೂ ತಿಳಿಯುತ್ತಾನೆ. ಕ್ಲೋರಿನ್ ಸೇರಿದ ಪದಾರ್ಥಗಳು ಎಲೆಕ್ಟ್ರಾನುಗಳ ಹರಿವಿನಲ್ಲಿ ಇಂತಹ ಕಳ್ಳರು. ಅವು ಕೋಣೆಯನ್ನು ಹೊಕ್ಕೊಡನೆ ಅಲೆಯುವ ಎಲೆಕ್ಟ್ರಾನುಗಳನ್ನು ಹಿಡಿದಿಟ್ಟುಕೊಳ್ಳುತ್ತವೆ, ಪ್ರವಾಹವು ಕುಗ್ಗುತ್ತದೆ, ಕುಗ್ಗಿದ ಪ್ರಮಾಣವನ್ನು ಲೇಖನಿಯು ಕಾಗದದ ಮೇಲೆ, ಈಗಿನ ಕಾಲದಲ್ಲಿ ಗಣಕಯಂತ್ರವು ತೆರೆಯ ಮೇಲೆ, ಗೋಪುರದಾಕಾರದ ಗೆರೆಯಾಗಿ ಬರೆಯುತ್ತದೆ. ಗೋಪುರವು ಯಾವ ನಿಮಿಷದಲ್ಲಿ ಎದ್ದಿತೆಂಬುದು ಔಷಧದ ಹೆಸರನ್ನು ಸೂಚಿಸುತ್ತದೆ. ಅದರ ಗಾತ್ರವು ಔಷಧದ ಮೊತ್ತವನ್ನು ಹೇಳುತ್ತದೆ. ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅವುಗಳಲ್ಲಿ ಕೆಲವೇ ಪಾಲುಗಳು ಕೋಣೆಯನ್ನು ಹೊಕ್ಕರೂ ಈ ನೀರುಗಂಟಿಗೆ ತಿಳಿಯುವುದು. ಸಾರಜನಕದಂತಹ ಅನಿಲಗಳಾಗಲಿ ಕ್ಲೋರಿನ್ ಇಲ್ಲದ ಸಾಮಾನ್ಯ ಎಣ್ಣೆ ಕೊಬ್ಬುಗಳಾಗಲಿ ಎಷ್ಟು ಹರಿದರೂ ಎಲೆಕ್ಟ್ರಾನುಗಳನ್ನು ಅಷ್ಟಾಗಿ ಮುಟ್ಟುವುದಿಲ್ಲ. ಸಾಧನದ ಹೆಚ್ಚಳವೆಲ್ಲ ಈ ಆಯ್ಕೆಯಲ್ಲಿಯೇ ಇದೆ.

ಇಂತಹ ಸಾಧನವು ಕೈಗೆ ಬಂದ ಕಾಲವೂ ಗಮನಿಸತಕ್ಕದ್ದು. ಡಿ.ಡಿ.ಟಿ. ಎಂಬ ಪದಾರ್ಥವು ಕೀಟಗಳನ್ನು ಕೊಲ್ಲುವುದೆಂದು ಸ್ವಿಟ್ಜರ್ಲೆಂಡಿನ ಪಾಲ್ ಮುಲ್ಲರ್ ಎಂಬವರು 1939ರಲ್ಲಿ ತೋರಿಸಿ 1948ರಲ್ಲಿ ನೊಬೆಲ್ ಬಹುಮಾನವನ್ನು ಪಡೆದಿದ್ದರು. ಅದು ಲಕ್ಷಾಂತರ ಜನರನ್ನು ಮಲೇರಿಯಾ ಮೊದಲಾದ ಜಾಡ್ಯಗಳಿಂದ ಉಳಿಸಿತೆಂಬುದನ್ನು ಮರೆಯಬಾರದು. ಅದರ ಹಿಂದೆಯೇ ಬಿ.ಎಚ್.ಸಿ. ಪುಡಿಯು ಬಂದಿತು, ಗ್ಯಾಮಕ್ಸಿನ್ ಎಂಬ ಹೆಸರಿನಲ್ಲಿ ನಮ್ಮ ಹಿರಿಯರು ಇದನ್ನು ಹೊಲಗಳಿಗೆ ಎರಚಿದ್ದು ಹಲವರಿಗೆ ನೆನಪಿರಬಹುದು. ಡಿ.ಡಿ.ಟಿ.ಯ ಒಂದು ಅಣುವಿನಲ್ಲಿ ಐದು, ಬಿ.ಎಚ್.ಸಿ.ಯ ಒಂದು ಅಣುವಿನಲ್ಲಿ ಆರು ಕ್ಲೋರಿನ್ ಪರಮಾಣುಗಳುಂಟು. ಆದುದರಿಂದ ಇವೆರಡೂ ಹೊಸ ಸಾಧನದ ಕಣ್ಣಿಗೆ ಹಗಲಿನಂತೆ ಕಂಡವು. 1960ರ ಸುಮಾರಿನಿಂದ ಪರೀಕ್ಷೆಗಳು ನಡೆದಂತೆಲ್ಲ, ಎಂದೋ ಎರಚಿದ ಔಷಧವು ಮಣ್ಣಿನಲ್ಲಿಯೂ, ಹಾಲು ಬೆಣ್ಣೆಗಳಲ್ಲಿಯೂ, ಮನುಷ್ಯರ ಕೊಬ್ಬಿನಲ್ಲಿಯೂ, ಅದನ್ನು ಎಂದೂ ಎರಚದ ದೇಶಗಳ ಪ್ರಾಣಿಗಳಲ್ಲಿಯೂ ಉಳಿದಿರುವುದು ಬಯಲಾಯಿತು. ಈ ಪದಾರ್ಥಗಳು ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತವೆ. ಅದಕ್ಕಾಗಿಯೇ ಮೇವಿನಿಂದ ಹಸುವಿಗೆ, ಹಸುವಿನ ಬೆಣ್ಣೆಯಿಂದ ಮನುಷ್ಯನಿಗೆ ದಾಟಿ ದಾಟಿ ಶೇಖರವಾಗುತ್ತವೆ. 1962ರಲ್ಲಿ ಅಮೆರಿಕದ ರೇಚೆಲ್ ಕಾರ್ಸನ್ ಎಂಬ ಮಹಿಳೆಯು ಇದೇ ವಿಷಯವಾಗಿ ಬರೆದ ಗ್ರಂಥವು ದೊಡ್ಡ ಚರ್ಚೆಯನ್ನು ಎಬ್ಬಿಸಿತು. ಆ ಗ್ರಂಥಕ್ಕೆ ಈ ಸಾಧನವೇ ಆಧಾರವೆಂದು ಕೆಲವರು ಬರೆಯುವುದುಂಟು. ಅದು ಸ್ವಲ್ಪ ಅತಿಯಾದ ಮಾತೆಂದು ನನಗೆ ತೋರುತ್ತದೆ, ಏಕೆಂದರೆ ಆಕೆಯು ಕೂಡಿಸಿದ ಸಾಕ್ಷ್ಯದಲ್ಲಿ ಬಹುಭಾಗ ಹಳೆಯ ವಿಧಾನಗಳಿಂದ ದೊರೆತುದು. ಅನಂತರ ನಡೆದ ವಾದದಲ್ಲಿ ಮಾತಿಗೆ ಅಂಕಿಗಳ ಬೆಂಬಲವನ್ನು ಇದು ಒದಗಿಸಿತೆಂಬುದು ಮಾತ್ರ ದಿಟ. ನಮ್ಮ ದೇಶದಲ್ಲಿ ಡಿ.ಡಿ.ಟಿ.ಯನ್ನು ಬೇಸಾಯಕ್ಕೆ ಬಳಸುವುದು 1989ರಲ್ಲಿಯೂ, ಬಿ.ಎಚ್.ಸಿ.ಯು ಪೂರ್ತಿಯಾಗಿ 1997ರಲ್ಲಿಯೂ ನಿಂತಿತು.

ಸಾಧನವನ್ನು ಮಾಡಿದವರೇ ಅದನ್ನು ಹೊತ್ತು ಸಮುದ್ರಯಾನ ಮಾಡಿದ ಸಂಗತಿಯನ್ನೂ ಇಲ್ಲಿ ಹೇಳಬಹುದು. 1971ರಲ್ಲಿ ಲವ್‌ಲಾಕರು ಷ್ಯಾಕಲ್ಟನ್ ಎಂಬ ಹಡಗಿನಲ್ಲಿ ಬ್ರಿಟನ್ನಿನಿಂದ ದಕ್ಷಿಣಕ್ಕೆ ಹೊರಟು, ದಾರಿಯುದ್ದಕ್ಕೂ ಹವೆಯನ್ನು ಪರೀಕ್ಷಿಸಿದರು. ಶೀತಕಯಂತ್ರಗಳಲ್ಲಿ ತುಂಬುತ್ತಿದ್ದ ಕ್ಲೋರಿನ್ ಸೇರಿದ ಅನಿಲವು, ಊರು ಕೇರಿಗಳಿಲ್ಲದ ನಡುಸಮುದ್ರದಲ್ಲಿಯೂ, ಲಕ್ಷ ಕೋಟಿಗೆ ನೂರಕ್ಕಿಂತ ಕಡಮೆ ಪಾಲಾಗಿ ಎಲ್ಲೆಲ್ಲಿಯೂ ಹರಡಿರುವುದು ಕಂಡುಬಂದಿತು. ಅದರಿಂದ ಯಾವ ಅಪಾಯವೂ ಇಲ್ಲವೆಂದು ಆಗ ಅವರು ಬರೆದರು. ಇದರಲ್ಲಿ ಅವರು ತಪ್ಪಿದರು. 1974ರಲ್ಲಿ ಮೊಲಿನ ಮತ್ತು ರೋಲೆಂಡ್ ಎಂಬ ಇಬ್ಬರು, ಈ ಅನಿಲವು ಮೇಲಿನ ಹವೆಗೆ ಏರಿ, ಸೂರ್ಯನ ಉಗ್ರಕಿರಣಗಳನ್ನು ತಡೆಯುವ ಓಝೋನ್ ಪದರವನ್ನು ಕೆಡಿಸುವುದೆಂದು ತೋರಿಸಿದರು. 1987ರ ಮಾಂಟ್ರಿಯಲ್ ಒಪ್ಪಂದವು ಇದರ ಫಲವು. ಅಳೆದವನೇ ಅಳತೆಯ ಅರ್ಥವನ್ನು ತಪ್ಪಾಗಿ ತಿಳಿಯಬಹುದೆಂಬುದಕ್ಕೆ ಈ ಸಂಗತಿಯನ್ನು ಉದಾಹರಿಸಿದೆನು. ಇದು ನಮ್ಮ ಮೆಣಸಿನಕಾಯಿಯ ವಿಚಾರಕ್ಕೂ ಬರುವುದು.

ನಮ್ಮ ಭಾಷೆಯ ಜನರಿಗೆ ಹತ್ತಿರವಾದ ದೃಷ್ಟಾಂತವೆಂದರೆ ಕಾಸರಗೋಡಿನದು. ಅಲ್ಲಿನ ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ, 2000ನೆಯ ಇಸವಿಯ ಪರ್ಯಂತ, ಎಂಡೋಸಲ್ಫಾನ್ ಎಂಬ ಔಷಧವನ್ನು ಆಕಾಶಮಾರ್ಗದಿಂದ ಸಿಂಪಡಿಸಲಾಯಿತು. ದಕ್ಷಿಣ ಕನ್ನಡ ಜಿಲ್ಲೆಯ ಕೆಲವು ಗ್ರಾಮಗಳಲ್ಲಿಯೂ ಹೀಗೆಯೇ ನಡೆಯಿತು. ಈ ಔಷಧದ ಅಣುವಿನಲ್ಲಿಯೂ ಆರು ಕ್ಲೋರಿನ್ ಪರಮಾಣುಗಳುಂಟು. ತೋಟಗಳ ಆಸುಪಾಸಿನ ಮನೆಗಳಲ್ಲಿ ಮಕ್ಕಳು ಅಂಗವೈಕಲ್ಯದಿಂದಲೂ ನಾನಾ ಜಾಡ್ಯಗಳಿಂದಲೂ ನರಳುತ್ತಿರುವುದನ್ನು ಜನರು ಎತ್ತಿ ಹೇಳಿದಾಗ, ಮೊದಮೊದಲು ಅದನ್ನು ಬಾಯಿಮಾತೆಂದು ತಳ್ಳಿಹಾಕುವುದು ಸುಲಭವಾಗಿತ್ತು. ನೀರನ್ನೂ ಮನುಷ್ಯರ ರಕ್ತವನ್ನೂ ಪರೀಕ್ಷಿಸಿ ಅಂಶವು ಇದೆಯೆಂದು ತೋರಿಸಿದ ಮೇಲೆ ವಾದದ ನೆಲೆಯೇ ಬದಲಾಯಿತು. ಒಂದರ ಮೇಲೊಂದು ಸಮಿತಿಗಳು ಕುಳಿತು ಭಿನ್ನ ಭಿನ್ನ ಅಭಿಪ್ರಾಯಗಳನ್ನು ಕೊಟ್ಟವು. ಕಡೆಗೆ 2011ರ ಏಪ್ರಿಲ್ ತಿಂಗಳಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಇದನ್ನು ನಿಲ್ಲಿಸತಕ್ಕ ಪದಾರ್ಥಗಳ ಪಟ್ಟಿಗೆ ಸೇರಿಸಿದವು; ಮುಂದಿನ ತಿಂಗಳಲ್ಲಿಯೇ ನಮ್ಮ ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಅದನ್ನು ತಡೆಯಿತು. ಅಂಶವಿದೆಯೆಂಬುದಕ್ಕೆ ಅಂಕಿಯು ಸಿಕ್ಕುವವರೆಗೆ ಬಡವರ ಮಾತಿಗೆ ತೂಕ ಬಾರದೆ ಹೋದುದು ನಮಗೆ ಗೌರವದ ಸಂಗತಿಯಲ್ಲ.

ಗ್ರಾಮಸಭೆಗಳಲ್ಲಿ ಈ ಸಾಧನದ ವಿಷಯ ಹೇಳಿದಾಗಲೆಲ್ಲ ಒಂದು ಪ್ರಶ್ನೆಯು ತಪ್ಪದೆ ಬರುತ್ತದೆ: ಪರಮಾಣು ಎಂದ ಮೇಲೆ ಬಾಂಬಿನ ಜಾತಿಯದಲ್ಲವೆ, ಪರೀಕ್ಷೆಗೆ ಕೊಟ್ಟ ಧಾನ್ಯವು ಕೆಡುವುದಿಲ್ಲವೆ, ಎಂದು. ನಿಕೆಲ್ 63ರ ಬೀಟಾ ಕಿರಣಗಳು ಅತ್ಯಂತ ದುರ್ಬಲವಾದವು. ಹವೆಯಲ್ಲಿ ಕೆಲವು ಅಂಗುಲ ಹೋಗುವಷ್ಟರಲ್ಲಿ ಸೋತು ನಿಲ್ಲುತ್ತವೆ. ಲೋಹದ ಕೋಣೆಯ ಗೋಡೆಯನ್ನು ದಾಟುವುದಿಲ್ಲ. ಮೈಗೆ ತಾಕಿದರೂ ಮೇಲಿನ ಸತ್ತ ಚರ್ಮವನ್ನು ದಾಟಲಾರವು. ಆ ಹಾಳೆಯನ್ನು ಕೆರೆದು ತಿಂದರೆ ಅಥವಾ ಅದರ ಧೂಳನ್ನು ಉಸಿರಾಡಿದರೆ ಅಪಾಯವುಂಟು. ಆದಕಾರಣವೇ ಕೋಣೆಯನ್ನು ಬಿಚ್ಚಕೂಡದೆಂದೂ, ಸೋರಿಕೆಯಿದೆಯೇ ಎಂದು ಕಾಲಕಾಲಕ್ಕೆ ಒರಸಿ ನೋಡಬೇಕೆಂದೂ ಕಟ್ಟಳೆಗಳಿವೆ. ದೇಶದಲ್ಲಿ ವಿಕಿರಣ ಪದಾರ್ಥಗಳ ಮೇಲ್ವಿಚಾರಣೆಯು ಅಣುಶಕ್ತಿ ನಿಯಂತ್ರಣ ಮಂಡಳಿಗೆ ಸೇರಿದುದು. ನಿಮ್ಮ ಧಾನ್ಯವಂತೂ ಆ ಕೋಣೆಯ ಹತ್ತಿರಕ್ಕೂ ಹೋಗುವುದಿಲ್ಲ. ಹೋಗುವುದು ಅದರಿಂದ ತೆಗೆದ ರಸದ ಒಂದು ಬಿಂದುವಿನ ಆವಿ ಮಾತ್ರ. ಅದೂ ಮರಳಿ ಬರುವುದಿಲ್ಲ.

ಈ ನಿಕೆಲ್ಲಿನಿಂದ ನಾವು ಕಲಿಯಬಹುದಾದ ಇನ್ನೊಂದು ವಿಷಯವುಂಟು. ಅದರ ಒಟ್ಟು ಮೊತ್ತದಲ್ಲಿ ಅರ್ಧವು ಬಿರಿದು ಮುಗಿಯಲು ಸುಮಾರು 100 ವರ್ಷಗಳು ಬೇಕು. ಉಳಿದರ್ಧದಲ್ಲಿ ಅರ್ಧವು ಮುಗಿಯಲು ಮತ್ತೆ 100 ವರ್ಷ. ಇದಕ್ಕೆ ಅರ್ಧಾಯುಷ್ಯವೆಂದು ಹೆಸರು. ತಾತನು ಕೊಂಡ ಸಾಧನವು ಮೊಮ್ಮಗನ ಕಾಲಕ್ಕೂ ಕೆಲಸಮಾಡುವುದು ಇದರಿಂದಲೇ. ಬೆಳೆಯ ಮೇಲೆ ಬಿದ್ದ ಔಷಧವು ಕರಗುವುದೂ ಹೆಚ್ಚು ಕಡಮೆ ಇದೇ ರೀತಿಯ ಲೆಕ್ಕದಲ್ಲಿ; ಕಾರಣಗಳು ಮಾತ್ರ ಬೇರೆ, ಬಿಸಿಲು, ಮಳೆ, ಗಿಡದ ಬೆಳವಣಿಗೆ, ಔಷಧದ ಸ್ವಂತ ಗುಣ. ಒಂದು ಔಷಧವು ನಾಲ್ಕು ದಿನಕ್ಕೆ ಅರ್ಧವಾಗುವುದೆಂದು ಇಟ್ಟುಕೊಂಡರೆ ಎಂಟು ದಿನಕ್ಕೆ ಕಾಲು ಪಾಲು, ಹನ್ನೆರಡು ದಿನಕ್ಕೆ ಅರೆಕಾಲು ಪಾಲು ಉಳಿಯುವುದು. ನಾಲ್ಕನೆಯ ದಿನ ಕೊಯ್ದವನಿಗೂ ಹನ್ನೆರಡನೆಯ ದಿನ ಕೊಯ್ದವನಿಗೂ ನಾಲ್ಕುಪಟ್ಟು ಅಂತರ. ಔಷಧದ ಡಬ್ಬಿಯೊಡನೆ ಬರುವ ಕಾಗದದಲ್ಲಿ ಸಿಂಪರಣೆಗೂ ಕೊಯ್ಲಿಗೂ ನಡುವೆ ಇಷ್ಟು ದಿನ ಬಿಡಬೇಕೆಂದು ಬರೆದಿರುವುದು ಈ ಲೆಕ್ಕದ ಮೇಲೆಯೇ. ಆ ಕಾಗದವನ್ನು ಅಂಗಡಿಯ ಬಾಗಿಲಲ್ಲಿಯೇ ಬಿಸಾಡಿ ಬರುವವರು ಎಷ್ಟು ಮಂದಿ ಎಂದು ನಾನು ಎಣಿಸಿದ್ದೇನೆ. ಇಲ್ಲಿ ಬರೆದರೆ ನಂಬುವುದಿಲ್ಲ.

ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ಗುರುತುಗಳನ್ನು ನೋಡಿ, ಹಸಿರಾದರೆ ಯಾವಾಗ ಬೇಕಾದರೂ ಹೊಡೆಯಬಹುದೆಂದು ತಿಳಿದವರೂ ಉಂಟು. ಆ ಬಣ್ಣವು ಔಷಧವನ್ನು ಕೈಯಾರೆ ಮುಟ್ಟುವವನಿಗೆ, ನುಂಗಿದವನಿಗೆ ಒಡನೆಯೇ ಆಗುವ ಅಪಾಯವನ್ನು ಹೇಳುವುದೇ ಹೊರತು, ಬೆಳೆಯಲ್ಲಿ ಅದು ಎಷ್ಟು ದಿನ ಉಳಿಯುವುದೆಂಬುದನ್ನು ಹೇಳುವುದಿಲ್ಲ. ಡಿ.ಡಿ.ಟಿ.ಯು ಮುಟ್ಟಿದವನನ್ನು ಕೂಡಲೇ ಕೊಲ್ಲುವಂತಹುದಲ್ಲ. ಉಳಿಯುವುದರಲ್ಲಿ ಮಾತ್ರ ಅದಕ್ಕೆ ಸಮನಾದುದು ಕಡಮೆ.

ಇನ್ನು ಯಂತ್ರದ ಕೊರತೆಗಳನ್ನೂ ಹೇಳದಿದ್ದರೆ ಅರ್ಧ ಹೇಳಿದಂತಾಗುವುದು. ಮೊದಲನೆಯದಾಗಿ, ಎಲೆಕ್ಟ್ರಾನನ್ನು ಹಿಡಿಯುವ ಪದಾರ್ಥವೆಲ್ಲ ಕೀಟನಾಶಕವಲ್ಲ. ಈರುಳ್ಳಿ, ಬೆಳ್ಳುಳ್ಳಿ, ಎಲೆಕೋಸುಗಳಲ್ಲಿ ಸ್ವಭಾವವಾಗಿಯೇ ಇರುವ ಗಂಧಕದ ಅಂಶಗಳೂ, ಕೆಲವು ಪ್ಲಾಸ್ಟಿಕ್ಕುಗಳಿಂದ ಸೋರುವ ಪದಾರ್ಥಗಳೂ ಔಷಧದಂತೆಯೇ ಗೋಪುರವನ್ನು ಎಬ್ಬಿಸಿ ಮೋಸಗೊಳಿಸಬಹುದು. ಎರಡನೆಯದಾಗಿ, ಈಗ ಬಳಕೆಯಲ್ಲಿರುವ ಹಲವು ಔಷಧಗಳನ್ನು ಈ ಸಾಧನವು ಕಾಣುವುದೇ ಇಲ್ಲ. 2010ರಲ್ಲಿ ನಮ್ಮ ದೇಶದ ದ್ರಾಕ್ಷಿಯನ್ನು ಯೂರೋಪಿನವರು ತಡೆದುದು ಕ್ಲೋರ್‌ಮೆಕ್ವಾಟ್, ಅಂದರೆ ದ್ರಾಕ್ಷಿ ಬೆಳೆಯುವವರು ಸಿ.ಸಿ.ಸಿ. ಎಂದು ಕರೆಯುವ, ಬಳ್ಳಿಯ ಬೆಳವಣಿಗೆಯನ್ನು ಹಿಡಿದಿಡುವ ಪದಾರ್ಥದ ಅಂಶಕ್ಕಾಗಿ. ಅದು ಆವಿಯಾಗುವ ಜಾತಿಯದಲ್ಲವಾದ್ದರಿಂದ ಈ ನಳಿಗೆಗೆ ಒಗ್ಗುವುದಿಲ್ಲ. ಆದುದರಿಂದ ದೊಡ್ಡ ಪರೀಕ್ಷಾಲಯಗಳಲ್ಲಿ ಅಣುಗಳನ್ನು ತೂಕದ ಮೇಲೆ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರವು ಈಗ ಮುಂದಿನ ಸ್ಥಾನವನ್ನು ಪಡೆದಿದೆ. ಹಳೆಯ ಸಾಧನವು ಕ್ಲೋರಿನ್ ಜಾತಿಯ ಔಷಧಗಳಿಗೆ ಇಂದಿಗೂ ಉಪಯೋಗದಲ್ಲಿರುವುದು. ನಿಮ್ಮ ಮಾಲು ತಿರಸ್ಕೃತವಾದರೆ, ಯಾವ ಔಷಧವೆಂದೂ, ಕಿಲೋಗೆ ಎಷ್ಟು ಮಿಲಿಗ್ರಾಂ ಎಂದೂ, ಎರಡನೆಯ ವಿಧಾನದಿಂದ ಖಚಿತಪಡಿಸಿಕೊಂಡಿದೆಯೇ ಎಂದೂ ಬರಹದಲ್ಲಿ ಕೇಳಿರಿ. "ಔಷಧ ಇದೆ" ಎಂಬಷ್ಟೇ ಚೀಟಿಯು ಚೀಟಿಯಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯವು. ಯಂತ್ರವು ಎಷ್ಟಿದೆ ಎಂದು ಹೇಳುತ್ತದೆ. ಅಷ್ಟರಿಂದ ಕೇಡಾಗುವುದೇ ಎಂದು ಹೇಳುವುದಿಲ್ಲ. ಮಿತಿಯ ಗೆರೆಯನ್ನು ಎಳೆದವರು ಮನುಷ್ಯರು. ಒಂದು ದೇಶದ ಗೆರೆಯು ಇನ್ನೊಂದು ದೇಶದ ಗೆರೆಯಲ್ಲ. ಮಿತಿಯನ್ನು ಸ್ವಲ್ಪ ಮೀರಿದ ಕಾಯಿಯನ್ನು ಉಂಡವನು ಆ ರಾತ್ರಿಯೇ ಕಾಯಿಲೆ ಬೀಳುವನೆಂದಲ್ಲ. ಹಾಗೆಂದು, ಮನೆಯವರು ಉಂಡೂ ಚೆನ್ನಾಗಿದ್ದಾರೆಂಬುದೂ ಉತ್ತರವಾಗುವುದಿಲ್ಲ. ಕಾಸರಗೋಡಿನಲ್ಲಿಯೂ ಮೊದಲ ವರ್ಷಗಳಲ್ಲಿ ಎಲ್ಲರೂ ಹಾಗೆಯೇ ಹೇಳುತ್ತಿದ್ದಿರಬೇಕು. ಹೆದರಿಕೆಯೂ ಉದಾಸೀನವೂ ಎರಡೂ ಇಲ್ಲಿ ಕೆಲಸಕ್ಕೆ ಬಾರವು. ಅಂಕಿಯನ್ನು ಕೇಳಿ, ಮಿತಿಯೊಡನೆ ಹೋಲಿಸಿ, ಮುಂದಿನ ಬೆಳೆಗೆ ಏನು ಮಾಡಬೇಕೆಂದು ನೋಡಬೇಕು.

ನಮ್ಮ ಮೆಣಸಿನಕಾಯಿಯ ಜಮೀನುದಾರರ ಸಂಗತಿಗೆ ಬರೋಣ. ಅವರ ಆಳುಮಕ್ಕಳನ್ನೂ ಕೂರಿಸಿಕೊಂಡು ವಿಚಾರಿಸಿದಾಗ ಹೊರಬಿದ್ದುದು ಇಷ್ಟು. ಕಾಯಿಯನ್ನು ಮೂರು ಸಲ ಬಿಡಿಸಿದ್ದರು. ಮೊದಲ ಎರಡು ಸಲದ ಕಾಯಿಗೆ ಏನೂ ತೊಂದರೆಯಿರಲಿಲ್ಲ. ಎರಡನೆಯ ಸಲ ಬಿಡಿಸಿದ ಮೇಲೆ ಹುಳುವಿನ ಕಾಟ ಕಂಡು, ಅಂಗಡಿಯವನು ಕೊಟ್ಟ ಔಷಧವನ್ನು ಹೊಡೆದು, ಕೂಲಿಯವರು ಸಿಕ್ಕಿದರೆಂದು ಮೂರನೆಯ ದಿನವೇ ಉಳಿದ ಕಾಯಿಯನ್ನು ಬಿಡಿಸಿಬಿಟ್ಟಿದ್ದರು. ಬಳಿಕ ಮೂರನ್ನೂ ಒಂದೇ ಕಣದಲ್ಲಿ ಹರವಿ, ಒಂದೇ ರಾಶಿ ಮಾಡಿ ಚೀಲ ತುಂಬಿದ್ದರು. ಇದರ ಮೇಲೆ ಒಣಗಿಸುವುದರಿಂದಾಗುವ ಇನ್ನೊಂದು ಪರಿಣಾಮವನ್ನೂ ಸೇರಿಸಿಕೊಳ್ಳಿರಿ: ಮೂರು ನಾಲ್ಕು ಕಿಲೋ ಹಸಿಕಾಯಿಯು ಒಂದು ಕಿಲೋ ಒಣಕಾಯಿಯಾಗುವಾಗ ಹಾರಿಹೋಗುವುದು ನೀರು, ಔಷಧದಲ್ಲಿ ಬಿಸಿಲಿಗೆ ಕೆಟ್ಟಷ್ಟನ್ನು ಬಿಟ್ಟು ಉಳಿದುದು ಕಾಯಿಯಲ್ಲಿಯೇ ನಿಂತು ಕಿಲೋ ಲೆಕ್ಕದಲ್ಲಿ ಏರುತ್ತದೆ. ಒಟ್ಟು ಬೆಳೆಯಲ್ಲಿ ಐದರಲ್ಲಿ ಒಂದು ಪಾಲೂ ಇರದಿದ್ದ ಕೊನೆಯ ಕಾಯಿಯು ಎಲ್ಲ ಚೀಲಗಳನ್ನೂ ಕೆಡಿಸಿತು.

ಆದುದರಿಂದ ಹಲವು ಸಲ ಬಿಡಿಸುವ ಬೆಳೆಗಳಲ್ಲಿ ಪ್ರತಿಸಲದ ಮಾಲನ್ನು ಬೇರೆ ಒಣಗಿಸಿ, ಬೇರೆ ಚೀಲಗಳಲ್ಲಿ ತುಂಬಿ, ತಾರೀಖು ಬರೆದ ಚೀಟಿ ಕಟ್ಟಿರಿ. ಯಾವ ದಿನ, ಯಾವ ಹೊಲಕ್ಕೆ, ಯಾವ ಔಷಧ, ಎಷ್ಟು ನೀರಿಗೆ ಎಷ್ಟು ಎಂಬುದನ್ನು ಲೆಕ್ಕದ ಪುಸ್ತಕದಲ್ಲಿಯೇ ಒಂದು ಪುಟದಲ್ಲಿ ಬರೆದಿಡಿರಿ; ಖಾಲಿ ಡಬ್ಬಿಯ ಕಾಗದವನ್ನು ಅದೇ ಪುಟಕ್ಕೆ ಅಂಟಿಸಿರಿ. ಪರೀಕ್ಷೆಗೆ ಮಾದರಿ ಕಳುಹಿಸುವಾಗ ರಾಶಿಯ ಮೇಲಿನಿಂದ ಒಂದು ಬೊಗಸೆ ತೆಗೆದು ಕಳುಹಿಸಿದರೆ ಉಪಯೋಗವಿಲ್ಲ. ಮೇಲೆ, ನಡುವೆ, ತಳದಲ್ಲಿ, ಹತ್ತು ಕಡೆ ತೆಗೆದು ಶುಭ್ರವಾದ ಬಟ್ಟೆಯ ಮೇಲೆ ಬೆರಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲುಗಳನ್ನು ಉಳಿಸಿಕೊಂಡು ಉಳಿದುದನ್ನು ರಾಶಿಗೆ ಹಾಕಿರಿ. ಒಂದು ಕಿಲೋ ಆಗುವವರೆಗೆ ಹೀಗೆಯೇ ಮಾಡಿರಿ. ಮಾದರಿಯನ್ನು ಗೊಬ್ಬರದ ಅಥವಾ ಔಷಧದ ಚೀಲದಲ್ಲಿ ತುಂಬಲೇಕೂಡದು. ಸಿಂಪರಣೆ ಮಾಡಿದವನ ಕೈಯಲ್ಲಿ ತೆಗೆಸಲೂ ಕೂಡದು. ನೂರು ಕೋಟಿಯಲ್ಲಿ ಪಾಲು ಎಣಿಸುವ ಯಂತ್ರಕ್ಕೆ ಬೆರಳಿಗೆ ಅಂಟಿದ ಔಷಧವೇ ಸಾಕಾಗುವುದು. ಅದೇ ಮಾದರಿಯಿಂದ ಇನ್ನೊಂದು ಕಿಲೋವನ್ನು ಮೊಹರು ಮಾಡಿ ಮನೆಯಲ್ಲಿಯೂ ಇಟ್ಟುಕೊಂಡಿರಿ; ವರ್ತಕರೊಡನೆ ವ್ಯಾಜ್ಯ ಬಂದರೆ ಅದೇ ನಿಮ್ಮ ಸಾಕ್ಷಿ.

ಗ್ರಾಮದ ಮುಖಂಡರಿಂದ ಒಂದು ಸಹಾಯವನ್ನು ಕೇಳುತ್ತೇನೆ. ಒಬ್ಬೊಬ್ಬ ಸಣ್ಣ ಹಿಡುವಳಿದಾರನು ಪರೀಕ್ಷೆಯ ಶುಲ್ಕವನ್ನು ಕೊಡುವುದು ಕಷ್ಟವು. ಒಂದೇ ಔಷಧವನ್ನು ಒಂದೇ ವಾರದಲ್ಲಿ ಹೊಡೆದ ಹತ್ತು ಮಂದಿ ಸೇರಿ, ಮಾಲು ಮಾರುವುದಕ್ಕೆ ಮುಂಚೆ ಒಂದು ಮಾದರಿಯನ್ನು ಕೃಷಿ ವಿಶ್ವವಿದ್ಯಾನಿಲಯದ ಪರೀಕ್ಷಾಲಯಕ್ಕೆ ಕಳುಹಿಸುವಂತೆ ಏರ್ಪಡಿಸಬಹುದು. ಮೇಲೆ ಹೇಳಿದ ಜಮೀನುದಾರರು ತಮ್ಮ ಊರಿನಲ್ಲಿ ಈ ವರ್ಷ ಹದಿನಾಲ್ಕು ಮನೆಗಳನ್ನು ಒಟ್ಟುಗೂಡಿಸಿದ್ದಾರೆ. ಅವರ ಕಣದಲ್ಲಿ ಈಗ ಮೂರು ರಾಶಿಗಳು ಬೇರೆ ಬೇರೆಯಾಗಿ ಒಣಗುತ್ತಿರುವುದನ್ನು ಹೋದ ವಾರ ನಾನೇ ನೋಡಿ ಬಂದೆನು. ಮೂರನೆಯ ರಾಶಿಯ ಮಾದರಿಯು ಪರೀಕ್ಷೆಗೆ ಹೋಗಿದ್ದು, ಫಲಿತಾಂಶವು ಇನ್ನೂ ಬರಬೇಕಾಗಿದೆ.